ಹೊಳೆಯಾಚೆಯ ಕರ್ನಲ್ ಮತ್ತು ಧೋಂಡಿಯನ ಮಗ

ಮಾಗಳದ ವೇಣುಗೋಪಾಲಸ್ವಾಮಿ ಗುಡಿಗೆ ಬಂದವರು ಕಂಬಗಳನ್ನು ಸವರಿ ನೋಡಿ, ಕೈಮುಗಿದು, ಆಮೇಲೆ ತುಂಗಭದ್ರಾ ಹೊಳೆದಂಡೆಗೆ ಬಂದು ನಿಲ್ಲುತ್ತಾರೆ. ಆಚೆ ದಡ ಗದಗ ಜಿಲ್ಲೆ. ಮುಂಡರಗಿ ದಾಟಿದರೆ ಡಂಬಳ. 1800ರ ಜುಲೈ 26ರಂದು ಆ ಡಂಬಳದ ಕೋಟೆಗೆ ಏಣಿ ಹಾಕಿಸಿ ದಂಡು ಹತ್ತಿಸಿದವನು ಮೂವತ್ತೊಂದರ ಹರೆಯದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ. ಡಂಬಳ ಅಂದರೆ ದೊಡ್ಡಬಸಪ್ಪನ ಗುಡಿ ಎನ್ನುವವರಿಗೆ ಇದನ್ನು ಹೇಳಿದರೆ ನಂಬದೆ ನಗುತ್ತಾರೆ.

*

ಕರ್ನಲ್ ಬೆನ್ನು ಹತ್ತಿದ್ದು ಧೋಂಡಿಯ ವಾಘನನ್ನು. ಚನ್ನಗಿರಿಯವನು. ಹೈದರನಲ್ಲಿ ಚಾಕರಿ, ಟಿಪ್ಪುವಿನಲ್ಲಿ ಸೆರೆವಾಸ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯಿಂದ ಹೊರಬಿದ್ದು, ಅನ್ನ ಕಳೆದುಕೊಂಡ ಸವಾರರನ್ನು ಕೂಡಿಸಿಕೊಂಡ. ಉಭಯಲೋಕಾಧೀಶ್ವರ ಎಂದು ಬಿರುದು ಬೇರೆ. ಒಂದು ಲೋಕ ಸಾಲಲಿಲ್ಲ ನೋಡಿ!

ಕರ್ನಲ್ಲನ ಮನೆಯವರೂ ಕಡಿಮೆಯಿಲ್ಲ. ಮೊದಲು ವೆಸ್ಲಿ ಎಂದಿದ್ದವರು 1798ರಲ್ಲಿ ವೆಲ್ಲೆಸ್ಲಿ ಎಂದು ಹೆಸರು ಉದ್ದ ಮಾಡಿಕೊಂಡಿದ್ದರು.

*

ಅವನ ಮನೆತನದ ಕತೆ ಓದುತ್ತ ಹೋದಂತೆ ನನ್ನ ಗೊಂದಲ ಹೆಚ್ಚುತ್ತದೆ. ಅಪ್ಪ ಐರ್ಲೆಂಡಿನ ಮಾರ್ನಿಂಗ್ಟನ್ ಅರ್ಲ್. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಆರ್ಥರನಿಗೆ ಹನ್ನೆರಡಾದಾಗ ಅಪ್ಪ ತೀರಿಕೊಂಡ. ದೊಡ್ಡ ಮನೆ, ಮೈತುಂಬ ಸಾಲ. ಹುಡುಗನನ್ನು ಈಟನ್ ಶಾಲೆ ಬಿಡಿಸಿದರು. ಸೈನ್ಯದ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳುವ ಕಾಲ ಅದು; ದುಡ್ಡು ಅಣ್ಣ ರಿಚರ್ಡನದು. ಕಿಟ್ಟಿ ಪೇಕನ್‌ಹ್ಯಾಮ್ ಎಂಬ ಹೆಣ್ಣನ್ನು ಕೇಳಿದರೆ ಅವಳ ಮನೆಯವರು ಒಲ್ಲೆವೆಂದರು. 1793ರಲ್ಲಿ ತನ್ನ ಪಿಟೀಲುಗಳನ್ನು ತಾನೇ ಬೆಂಕಿಗೆ ಹಾಕಿ ಸುಟ್ಟ. ಸಂಗೀತಗಾರನ ಮಗ!

1798ರಲ್ಲಿ ಅದೇ ರಿಚರ್ಡ್ ಇಂಡಿಯಾಕ್ಕೆ ಗವರ್ನರ್ ಜನರಲ್ ಆಗಿ ಬಂದ. ಕಿರಿಯ ತಮ್ಮ ಹೆನ್ರಿ ಅವನ ಕಾರ್ಯದರ್ಶಿ. ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ್ದು ಜನರಲ್ ಬೇರ್ಡ್, ಅಧಿಕಾರ ಸಿಕ್ಕಿದ್ದು ಆರ್ಥರನಿಗೆ, ಬೇರ್ಡ್ ಕೆಂಡವಾದ. ಅಣ್ಣ ಅಧ್ಯಕ್ಷನಾದ ಪಂಚಾಯ್ತಿಯಲ್ಲಿ ತಮ್ಮಂದಿರಿಗೆ ಗುತ್ತಿಗೆ ಸಿಕ್ಕಿದ ಹಾಗೆ. ಆದರೆ ಈ ತಮ್ಮ ಕೆಲಸವನ್ನೂ ಮಾಡಿದ, ಅದೇ ತೊಡಕು.

*

1800ರಲ್ಲಿ ಅಣ್ಣ ಇವನಿಗೆ ಬಟೇವಿಯಾದ ಮೇಲಿನ ದಂಡಯಾತ್ರೆ ಕೊಡಲು ಬಂದ. ಹೆಸರು, ಹಣ ಎರಡೂ ಸಿಗುವ ಕೆಲಸ. ಇವನು ಬೇಡವೆಂದು ಧೋಂಡಿಯನ ಹಿಂದೆ ಬಿದ್ದ. ಜೂನ್ ಕೊನೆಗೆ ಹರಿಹರದ ಬಳಿ ತುಂಬಿದ ತುಂಗಭದ್ರೆಯನ್ನು ದಾಟಿದ. ತೋಪು, ಎತ್ತು, ಅಕ್ಕಿಮೂಟೆ ಎಲ್ಲ ದಾಟಬೇಕು. ಮುಂಗಾರಿನ ಹೊಳೆಯನ್ನು ಈ ದಂಡೆಯಲ್ಲಿ ಕಂಡವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಈ ನಡುವೆ ಒಬ್ಬ ಬಂದು, ಗುಟ್ಟಾಗಿ ಧೋಂಡಿಯನ ಕತೆ ಮುಗಿಸುತ್ತೇನೆ ಎಂದ. ವೆಲ್ಲೆಸ್ಲಿ ಒಪ್ಪಲಿಲ್ಲ. ಡಂಗುರ ಸಾರಿ ತಲೆಗೆ ಬಹುಮಾನ ಕಟ್ಟಬಹುದು, ಕತ್ತಲಲ್ಲಿ ಕೊಲೆಯ ಬೇರಂ ಕುದುರಿಸಬಾರದು ಎಂಬುದು ಅವನ ನ್ಯಾಯ. ಸಾಯುವವನಿಗೆ ಎರಡರಲ್ಲೂ ಏನು ವ್ಯತ್ಯಾಸವೋ.

*

ಸೆಪ್ಟೆಂಬರ್ 10, ರಾಯಚೂರು ಸೀಮೆಯ ಕೋನಗಲ್. ಧೋಂಡಿಯನ ಕಡೆ ಸುಮಾರು 5,000 ಕುದುರೆ. ವೆಲ್ಲೆಸ್ಲಿ ತನ್ನ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿಗೆ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಬಿದ್ದ. ಹೆಣವನ್ನು ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು.

ಸಾಮಾನು ಸರಂಜಾಮಿನ ನಡುವೆ ಒಂದು ಕೂಸು ಸಿಕ್ಕಿತು. ನಾಲ್ಕರ ಆಸುಪಾಸು ವಯಸ್ಸು, ಹೆಸರು ಸಲಾಬತ್ ಖಾನ್, ಧೋಂಡಿಯನ ಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ.

*

ಇದನ್ನು ದಂಡೆಯ ಮೇಲೆ ಒಬ್ಬ ಅಜ್ಜನಿಗೆ ಹೇಳಿದೆ. ಬೀಡಿ ಆರಿಸಿ ಕೇಳಿದ.

“ಅಪ್ಪನ್ನ ಕೊಂದು ಮಗನ್ನ ಸಾಕ್ಯಾನ? ಪುಣ್ಯಕ್ಕೋ, ಪಾಪ ತೊಳಕೊಳ್ಳಾಕೋ?”

“ಅದ ತಿಳೀವಲ್ದು ನೋಡ್ರಿ ಅಜ್ಜಾರ.”

“ಆ ಹುಡುಗನ ಅವ್ವ ಎಲ್ಲಿದ್ಲು, ಅದನ್ನ ಕೇಳು ತಮ್ಮಾ ಮೊದ್ಲು.”

ಯುದ್ಧದ ಪುಸ್ತಕ ಬರೆದವರು ಕುದುರೆ ಎಣಿಸಿದ್ದಾರೆ, ಅವ್ವನನ್ನು ಎಣಿಸಿಲ್ಲ.

*

1805ರಲ್ಲಿ ಇಂಡಿಯಾ ಬಿಡುವಾಗ ವೆಲ್ಲೆಸ್ಲಿ ಸಲಾಬತನ ಖರ್ಚಿಗೆಂದು ಹಣ ಇಟ್ಟು ಹೋದ. ಮರುವರ್ಷ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಅದೇ ಕಿಟ್ಟಿಯನ್ನು ಮದುವೆಯಾದ, ಹನ್ನೊಂದು ವರ್ಷ ಮುಖ ನೋಡದೆ ಇದ್ದವಳನ್ನು. ಸಂಸಾರ ಹೊಂದಲಿಲ್ಲ. 1807ರಲ್ಲಿ ಆರ್ಥರ್ ರಿಚರ್ಡ್, 1808ರಲ್ಲಿ ಚಾರ್ಲ್ಸ್ ಹುಟ್ಟಿದರು. ಅಷ್ಟರಲ್ಲಿ ಅಪ್ಪ ಪೋರ್ಚುಗಲ್, ಸ್ಪೇನ್ ಎಂದು ಯುದ್ಧಕ್ಕೆ ಹೋದ. ಮಕ್ಕಳು ಅಪ್ಪನಿಲ್ಲದೆ ಬೆಳೆದರು. ಹೆನ್ರಿಯ ಸಂಸಾರ ಮುರಿದಾಗ ಅವನ ಮಗ ಜೆರಾಲ್ಡನನ್ನು ಕಿಟ್ಟಿಯೇ ಸಾಕಿದಳು. ಪರರ ಮಕ್ಕಳಿಗೆ ಈ ಮನೆಯಲ್ಲಿ ಜಾಗವಿತ್ತು, ಹೆತ್ತ ಮಕ್ಕಳಿಗೆ ಅಪ್ಪನ ಸಲಿಗೆ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನ ಕೈಲಾಗದು.

ಸಲಾಬತ್ ಚೆಲುವ ತರುಣನಾಗಿ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ. ಸಾಕಿದವನು ಆಗ ವೆಲಿಂಗ್ಟನ್ನಿನ ಡ್ಯೂಕ್. 1828ರಲ್ಲಿ ಪ್ರಧಾನಿಯೂ ಆದ.

*

ಈ ದಂಡೆಯ ಕಡೆ, ಹಡಗಲಿಯಲ್ಲಿ, ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ ನಾಟಕ ಸಂಸ್ಥೆ ಇದೆ, ಸುತ್ತಲ ಹಳ್ಳಿಗಳಲ್ಲಿ ನಾಟಕದ ಹುಚ್ಚಿದೆ. ಧೋಂಡಿಯನ ನಾಟಕ ಕಟ್ಟುವವರಲ್ಲಿ ಒಂದು ವಿನಂತಿ: ಕೋನಗಲ್ಲಿಗೇ ಪರದೆ ಬಿಡಬೇಡಿ. ಸಲಾಬತನಿಗೂ, ಅವನ ಅವ್ವನಿಗೂ ಒಂದೊಂದು ಪಾತ್ರ ಕೊಡಿ.