ಬೀದರಿನಲ್ಲಿ ಸಾಲ ಹುಟ್ಟುವ ಪರಿ

ಬೀದರ್ ಕೋಟೆಯ ಗೋಡೆ ಮುಟ್ಟಿ ನೋಡುತ್ತೇನೆ: ಮುರಕಲ್ಲು! ರಾಜ್ಯದ ಈ ತುದಿಯಲ್ಲಿ ಎರೆಮಣ್ಣು, ಜೋಳದ ಹೊಲ, ಬಿಸಿಲು ಬಿಟ್ಟರೆ ಬೇರೇನಿಲ್ಲ ಅಂದುಕೊಂಡು ಬಂದವರಿಗೆ ನಮ್ಮ ದಕ್ಷಿಣ ಕನ್ನಡದ ಕೆಂಪು ಕಲ್ಲೇ ಎದುರಾಗಬೇಕೆ? ನೌಬಾದಿನಲ್ಲಿ ಇನ್ನೊಂದು ಬೆರಗು. ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿ ಇದೇ ಕಲ್ಲು ಕೊರೆದು ನೀರು ಹರಿಸಿದ ಸುರಂಗ. ಗುಡ್ಡ ತೋಡಿ ತೋಟಕ್ಕೆ ನೀರು ತರುವ ನಮ್ಮೂರಿನವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು.

ಆದರೆ ನಾನು ಬಂದದ್ದು ಕಲ್ಲು ನೋಡಲಿಕ್ಕಲ್ಲ, ಸಾಲ ನೋಡಲಿಕ್ಕೆ. ಹಾಗೆಂದದ್ದೇ ತಡ, ಲಾಡ್ಜಿನವನು ನಕ್ಕುಬಿಟ್ಟ. "ಸಾಲ ನೋಡ್ಲಾಕ ಇಷ್ಟು ದೂರ ಯಾಕ್ರಿ ಸರ್, ನಿಮ್ಮನ್ಯಾಗ ಇದ್ದಿಲ್ಲೇನ್ರಿ?"

ಇತ್ತು. ಸಾಲವೂ ಇತ್ತು, ಅದರ ಪಾಠಶಾಲೆಯೂ ಇತ್ತು. 1982ರಲ್ಲಿ ನಮ್ಮ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆಗೂಡಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿಗಳಿಗೆ ಊಟ, ವಸತಿ ಕೊಟ್ಟು ಕಸುಬು ಕಲಿಸಿತು. ಮುಂದೆ ಕೇಂದ್ರ ಸರ್ಕಾರ ಅದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಬೀದರಿನವರು ಮಾತ್ರ ತಮ್ಮದೇ ದಾರಿಯನ್ನೂ ಮಾಡಿಕೊಂಡರು. ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿನ ಅಧ್ಯಕ್ಷರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರ ಕಾಲದಲ್ಲಿ ಹಳ್ಳಿಯ ಕೃಷಿ ಪತ್ತಿನ ಸಂಘಗಳೇ ಮುಂದೆ ನಿಂತು ಮಹಿಳೆಯರ ಸ್ವಸಹಾಯ ಗುಂಪು ಕಟ್ಟಿದವು. ರೈತನಿಗೆ ಬೀಜ, ಗೊಬ್ಬರಕ್ಕೆ ಸಾಲ ಕೊಡುತ್ತಿದ್ದ ಕಟ್ಟೆಗೆ ಅವನ ಹೆಂಡತಿಯೂ ತನ್ನ ಹೆಸರಿನ ಪುಸ್ತಕ ಹಿಡಿದು ಬಂದಳು.

ಹಳೆ ಊರಿನ ಕಾವಲು ಗೋಪುರ ಚೌಬಾರದ ಆಸುಪಾಸಿನ ಓಣಿಯೊಂದರಲ್ಲಿ ಟಕಟಕ ಸದ್ದು. ಬಿದರಿ ಕೆಲಸಗಾರನೊಬ್ಬ ಸತುವು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸುತ್ತಿದ್ದಾನೆ. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿ ತಿಕ್ಕುತ್ತಾನೆ. ಹೂಜಿ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ! ಮಣ್ಣಿನ ಗುಣ ನೋಡಲು ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ನನಗೂ ಒಂದು ಚಿಟಿಕೆ ಕೊಟ್ಟರು. ಉಪ್ಪೋ ಒಗರೋ ಹೇಳಲಾಗದೆ ಎರಡು ಕಪ್ ಚಹಾ ಕುಡಿದೆ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದ ಕಲೆ ಇದು. ಮಣ್ಣು ಪುಕ್ಕಟೆ, ಬೆಳ್ಳಿಗೆ ರೊಕ್ಕ ಬೇಕು. ಹೂಜಿ ಮಾರಾಟವಾಗುವುದು ಯಾವಾಗಲೋ; ಬೆಳ್ಳಿಯಂಗಡಿಯವನು ಕೇಳುವುದು ಇವತ್ತೇ. ಈ ನಡುವಿನ ದಿನಗಳಿಗೇ ಸಾಲ.

ಭಾಲ್ಕಿಗೆ ಬಸ್ಸು. ಕಿಟಕಿ ಮುಚ್ಚಿದರೆ ಬೇಗೆ, ತೆಗೆದರೆ ಧೂಳು. ಇಳಿಯುವಾಗ ನಾನೂ ಅರ್ಧ ಮುರಕಲ್ಲಾಗಿದ್ದೆ. ನಿಜಾಮರ ಆಳ್ವಿಕೆಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಊರಿದು. ಅವರ ಹಿರೇಮಠಕ್ಕೆ ಹೋಗಿ ಬರುವಾಗ ಹೊಲಿಗೆ ಅಂಗಡಿಯೊಂದರ ಮುಂದೆ ನಿಂತೆ. ಮಾಲೀಕ ಕುಶಲಕರ್ಮಿಗಳಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ಶುರುಮಾಡಿದ ವಿಶ್ವಕರ್ಮ ಯೋಜನೆಯ ಲೆಕ್ಕ ಬಾಯಿಪಾಠ ಒಪ್ಪಿಸಿದ: ತರಬೇತಿಯ ದಿನಗಳಿಗೆ ತಲಾ 500 ರೂಪಾಯಿ, ಉಪಕರಣಕ್ಕೆ 15,000, ಶೇ. 5ರ ಬಡ್ಡಿಗೆ ಮೊದಲ ಕಂತು 1 ಲಕ್ಷ. "ಹೊಲಿಯೋದು ನಮ್ಮಪ್ಪನೇ ಕಲಿಸ್ಯಾನ್ರಿ. ಕೂಲಿ ಎಷ್ಟು ಹೇಳಬೇಕು ಅನ್ನೋದು ಅಲ್ಲಿ ಕಲ್ತೀನಿ" ಎಂದ. ಬೀದರಿನಲ್ಲಿ ತರಬೇತಿಯ ಬಗ್ಗೆ ನಾನು ಕೇಳಿದ್ದರಲ್ಲೆಲ್ಲ ಇದೇ ಖರೇ ಮಾತು.

ಮಾಂಜ್ರಾ ನದಿ ದಾಟಿ ಔರಾದ್. ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇಣುಕುತ್ತವೆ. ಹತ್ತಿರದ ಹಳ್ಳಿಯಲ್ಲಿ ಮಹಿಳೆಯರ ಸ್ವಸಹಾಯ ಗುಂಪಿನ ಸಭೆ. ಮೊದಲು ಉಳಿತಾಯದ ರೊಕ್ಕ, ಆಮೇಲೆ ಹಾಜರಿ, ಆಮೇಲೆ ಜಗಳ. ಒಬ್ಬಾಕೆಗೆ ಶ್ಯಾವಿಗೆ ಯಂತ್ರಕ್ಕೆ ಸಾಲ ಬೇಕು. ನಮ್ಮೂರಿನ ಬ್ಯಾಂಕಿನಲ್ಲಾದರೆ ಪಹಣಿ, ಜಾಮೀನು ಕೇಳಿಯಾರು. ಇಲ್ಲಿ ಕೇಳುವ ಪ್ರಶ್ನೆಯೇ ಬೇರೆ: "ಊರಾಗ ಒಂದು ಯಂತ್ರ ಅದ, ನಿನ್ನ ಕಡಿ ಯಾರು ಬರ್ತಾರ? ಮಳಿಗಾಲದಾಗ ಏನ್ ಮಾಡ್ತಿ?" ಆಕೆ ಸಿಡುಕುತ್ತಾಳೆ, ಲೆಕ್ಕ ಹೇಳುತ್ತಾಳೆ, ಮತ್ತೆ ಸಿಡುಕುತ್ತಾಳೆ. ಈ ಪ್ರಶ್ನೆ ಕೇಳದೆ ಕೊಟ್ಟ ಸಾಲದ ಕಥೆಯೂ ಉಂಟು. ಗಡಿಯಾಚೆ, ಆಗಿನ ಆಂಧ್ರದಲ್ಲಿ, 2010ರಲ್ಲಿ ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿ ಹಾವಳಿಗೆ ಸರ್ಕಾರವೇ ಕಡಿವಾಣ ಹಾಕಬೇಕಾಯಿತು. 2025ರಲ್ಲಿ ನಮ್ಮ ರಾಜ್ಯವೂ ಇದಕ್ಕೇ ಸುಗ್ರೀವಾಜ್ಞೆ ತಂದಿತು. ಬೈಕಿನಲ್ಲಿ ಬಂದು ಸಾಲ ಕೊಟ್ಟುಹೋಗುವವರು ಮಳೆಗಾಲದ ಮಾತು ಎತ್ತುವುದಿಲ್ಲ. ನೆರೆಮನೆಯಾಕೆಗೆ ಎತ್ತದೆ ವಿಧಿಯಿಲ್ಲ: ಇವಳ ಕಂತು ತಪ್ಪಿದರೆ ಗುಂಪಿನ ಮುಂದಿನ ಸಾಲಕ್ಕೇ ಕಲ್ಲು.

ಕೊನೆಗೆ ಅರ್ಧ ಸಾಲ ಮಂಜೂರಾಯಿತು, ಅದೂ ಖಡಕ್ ರೊಟ್ಟಿ ವ್ಯಾಪಾರಕ್ಕೆ. ಯಂತ್ರದ ಮಾತು ಸುಗ್ಗಿ ಆದಮೇಲೆ. ಆಕೆ ಮುಖ ಗಂಟಿಕ್ಕಿಕೊಂಡೇ ನನ್ನತ್ತ ತಿರುಗಿದಳು.

"ನಿಮ್ಮ ಕಡಿ ಜೋಳದ ರೊಟ್ಟಿ ಮಾರ್ತಾವೇನ್ರಿ ಅಣ್ಣಾರೆ?"

"ಇಲ್ಲಮ್ಮ, ನಮ್ಮಲ್ಲಿ ಕುಚ್ಚಲಕ್ಕಿ ಅನ್ನ."

"ಹಂಗಾದ್ರ ತಿನ್ನೋದು ಕಲಿಸ್ರಿ" ಎಂದು ಒಳಗಿನಿಂದ ಎರಡು ಕಟ್ಟು ತಂದು ಮಡಿಲಿಗೆ ಹಾಕಿದಳು. ಅತಿಥಿಯೆಂದು ಮುಫತ್ತು ಕೊಟ್ಟಾಳೇನೋ ಎಂದು ಜೇಬಿಗೆ ಕೈ ಹಾಕದೆ ನಿಂತಿದ್ದೆ. ಆಕೆಯೂ ಕೈ ಚಾಚಿ ನಿಂತೇ ಇದ್ದಳು. ಪೂರಾ ರೊಕ್ಕ ಎಣಿಸಿಕೊಂಡ ಮೇಲೆ ಶೇಂಗಾ ಹಿಂಡಿಯ ಪೊಟ್ಟಣವೊಂದನ್ನು ಮೇಲಿಟ್ಟಳು. "ಇದು ಪುಕ್ಕಟ."