ಉಜ್ಜಿದರೆ ಕಾಣುವ ಉತ್ತರ

1980ರ ದಶಕದಲ್ಲಿ ಅಮೆರಿಕದ ಇನ್ಫೋಕಾಮ್ ಕಂಪನಿ ‘ಜೋರ್ಕ್’ನಂಥ ಕಂಪ್ಯೂಟರ್ ಆಟಗಳನ್ನು ಮಾರುತ್ತಿತ್ತು. ಚಿತ್ರ ಇಲ್ಲ, ಬರೀ ಅಕ್ಷರ. ಮುಂದೆ ದಾರಿ ಕಾಣದೆ ಒದ್ದಾಡುವವರಿಗೆಂದೇ ‘ಇನ್ವಿಸಿಕ್ಲೂಸ್’ ಅಂತ ಪುಸ್ತಕ. ಪ್ರಶ್ನೆ ಕಣ್ಣಿಗೆ ಕಾಣುತ್ತೆ, ಉತ್ತರ ಅದೃಶ್ಯ ಶಾಯಿಯಲ್ಲಿ! ಜೊತೆಗೆ ಕೊಟ್ಟ ಮಾರ್ಕರ್‌ನಿಂದ ಉಜ್ಜಿದರೆ ಒಂದೊಂದೇ ಸಾಲು ಮೂಡುತ್ತೆ. ಮೊದಲನೆಯದು ಸಣ್ಣ ಸೂಚನೆ, ಕೊನೆಯದು ನೇರ ಉತ್ತರ. ಎಲ್ಲಿ ಕೈ ತಡೆಯಬೇಕು ಅನ್ನೋದು ಆಡುವವರಿಗೆ ಬಿಟ್ಟಿದ್ದು. (ನನ್ನ ಕೈಯಂತೂ ತಡೀತಿರಲಿಲ್ಲ.)

ನನಗೆ ಭಾರೀ ಇಷ್ಟವಾದ ಕಿತಾಪತಿ ಬೇರೆ. ಪ್ರಶ್ನೆಗಳನ್ನು ಓದಿಯೇ ಕಥೆ ಊಹಿಸಿಬಿಡಬಾರದಲ್ಲ, ಅದಕ್ಕೆ ಆಟದಲ್ಲಿ ಇಲ್ಲವೇ ಇಲ್ಲದ ಸಂಗತಿಗಳ ಬಗ್ಗೆಯೂ ಪ್ರಶ್ನೆ ತುರುಕುತ್ತಿದ್ದರು. ಆಸೆಬುರುಕರು ಉಜ್ಜಿದರೆ ಸಿಗೋದು ಮಂಗಳಾರತಿ.

ಇಂಥ ಪುಸ್ತಕ ಯಾಕೆ ಬೇಕಾಗಿತ್ತು ಅಂತೀರಾ? ಇದೇ ಕಂಪನಿಯ 1984ರ ‘ಹಿಚ್‌ಹೈಕರ್ಸ್ ಗೈಡ್’ ಆಟದಲ್ಲಿ ‘ಬೇಬಲ್ ಮೀನು’ ಅನ್ನೋದನ್ನು ಹಿಡಿಯಬೇಕು. ಅದನ್ನು ಕೊಡುವ ಯಂತ್ರದ ಗುಂಡಿ ಒತ್ತಿದರೆ ಮೀನು ಹಾರಿ ಗೋಡೆಯ ತೂತಿಗೆ ಬೀಳುತ್ತೆ. ಅಲ್ಲಿ ಗೌನ್ ನೇತುಹಾಕಿದರೆ ಮೀನು ಕೆಳಗಿನ ಮೋರಿ ಕಂಡಿಗೆ ಜಾರುತ್ತೆ. ಆ ಕಂಡಿಗೆ ಟವೆಲ್ ಹೊದಿಸಿದರೆ ಕಸ ಗುಡಿಸುವ ರೋಬೋ ಬಂದು ಮೀನನ್ನು ಎತ್ತಿಕೊಂಡು ಹೋಗುತ್ತೆ. ಇನ್ನೂ ಮುಗಿಯಲ್ಲ ಕಾಟ. ಕೊನೆಗೆ ‘ನನಗೆ ಬೇಬಲ್ ಮೀನು ಸಿಕ್ಕಿತು’ ಅನ್ನೋ ಟೀ ಶರ್ಟನ್ನೂ ಕಂಪನಿಯೇ ಮಾರಿತು. ಪೆನ್ನು ಉಜ್ಜಿ ಗೆದ್ದವರೂ ಹಾಕ್ಕೊಂಡಿರ್ತಾರೆ ಬಿಡಿ.