ಕಲ್ಲಿನ ಹಂಸ, ಕೆರೆಯ ಹೆಬ್ಬಾತು

ಮೈಸೂರಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಕಾವೇರಿಗೆ ಸಮೀಪದಲ್ಲಿರುವ ಸೋಮನಾಥಪುರಕ್ಕೆ ಬಂದವರು ಕೇಶವ ದೇವಾಲಯವನ್ನು ನೋಡಿ ಹಿಂದಿರುಗುವುದು ವಾಡಿಕೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು 1258ರಲ್ಲಿ ಕಟ್ಟಿಸಿದ ಈ ಗುಡಿಯು 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಗುಡಿಯಷ್ಟೇ ಅಲ್ಲ, ಅದರ ಸುತ್ತಣ ಗದ್ದೆಬಯಲೂ ನೋಡತಕ್ಕದ್ದೇ. ಮಾಗಿಯ ದಿನಗಳಲ್ಲಿ ನಾವು ಆ ಸೀಮೆಯಲ್ಲಿ ಎರಡು ದಿನ ತಿರುಗಾಡಿದೆವು. ಬಂಧುಗಳೊಬ್ಬರು ಕೊಟ್ಟಿದ್ದ ಡಿಜಿಟಲ್ ಕ್ಯಾಮೆರಾ ಕೈಯಲ್ಲಿತ್ತು. ಅದರ ಗುಂಡಿಗಳ ಪರಿಚಯ ನಮಗಿರಲಿಲ್ಲ. ಪಾಠ ಹೇಳುವ ಹೊಣೆಯನ್ನು ಹಕ್ಕಿಗಳೇ ಹೊತ್ತವು.

ಮೊದಲ ಪಾಠ ಬೆಳ್ಳಕ್ಕಿಯದು. ಉಳುಮೆಯ ಹಿಂದೆ ಹುಳು ಹೆಕ್ಕುತ್ತ ನಡೆಯುವ ಈ ಹಕ್ಕಿಯ ಸುತ್ತ ಇರುವುದೆಲ್ಲ ಕಪ್ಪು ಕೆಸರು. ಕ್ಯಾಮೆರಾ ಆ ಕಪ್ಪನ್ನು ಕತ್ತಲೆಯೆಂದು ಭಾವಿಸಿ ಬೆಳಕನ್ನು ಹೆಚ್ಚಿಸಿಕೊಳ್ಳುತ್ತದೆ. ಆಗ ಗರಿಗಳೆಲ್ಲ ಅಳಿಸಿಹೋಗಿ ಹಕ್ಕಿಯು ಬಿಳಿಯ ಕಾಗದದ ಚೂರಿನಂತೆ ಕಾಣುತ್ತದೆ. ಬೆಳಕನ್ನು ಒಂದು ಹಂತ ತಗ್ಗಿಸಿದರೆ ಗರಿಗಳ ಎಳೆ ಮೂಡುತ್ತದೆ.

ಎರಡನೆಯ ಪಾಠ ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ್ದು. ತಂತಿಯ ಮೇಲೆ ಕುಳಿತಾಗ ಕಂದು ಮೈಯ ಸಾಧಾರಣ ಹಕ್ಕಿ. ಹಾರಿದೊಡನೆ ರೆಕ್ಕೆಯ ತುಂಬ ನೀಲಿ. ಆ ನೀಲಿಯನ್ನು ಸ್ಫುಟವಾಗಿ ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಅಲ್ಪಕಾಲ ಮಾತ್ರ ಬೆಳಕನ್ನು ಒಳಬಿಡಬೇಕು. ಆದರೆ ಅದು ಹಾರುವ ಗಳಿಗೆಯನ್ನು ಯಾವ ಗುಂಡಿಯೂ ತಿಳಿಸದು. ತಲೆ ಬಾಗಿಸಿ ನೆಲವನ್ನೇ ದಿಟ್ಟಿಸತೊಡಗಿದರೆ ಮಿಡತೆ ಕಣ್ಣಿಗೆ ಬಿದ್ದಿದೆಯೆಂದು ನಾವೇ ಅರಿಯಬೇಕು.

ಬಿಸಿಲೇರಿ ಹಕ್ಕಿಗಳು ನೆರಳು ಸೇರಿದಾಗ ಗುಡಿಯನ್ನು ಹೊಕ್ಕೆವು. ಗೋಡೆಯ ಕೆಳಭಾಗದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರಗಳ ಜೊತೆಗೆ ಹಂಸಗಳ ಸಾಲೂ ಇದೆ. ಶಿಲ್ಪಿಗೆ ಯಂತ್ರವಿರಲಿಲ್ಲ. ಬಳಪದ ಕಲ್ಲಿನಲ್ಲಿ ಕೊರಳಿನ ಆ ಬಾಗನ್ನು ತರಬೇಕಾದರೆ ನೀರಹಕ್ಕಿಗಳನ್ನು ಎಷ್ಟು ಹೊತ್ತು ನೋಡಿದ್ದಿರಬೇಕು!

ಆ ಹಂಸಗಳ ಜೀವಂತ ಬಳಗವನ್ನು ಕಾಣುವ ಆಸೆಯಿಂದ ಮರುದಿನ ತಿರುಮಕೂಡಲು ನರಸೀಪುರವನ್ನು ಹಾದು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಹೋದೆವು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ಟಿನ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳಿವು.

ದಡದಿಂದ ಅವು ಬಹುದೂರ ತೇಲುತ್ತಿದ್ದವು. ನಮ್ಮೊಡನಿದ್ದ ಬಾಲಕನೊಬ್ಬ ಕಲ್ಲನ್ನು ಎತ್ತಿಕೊಂಡು, “ಎಬ್ಬಿಸಿದರೆ ಹಾರುವ ಚಿತ್ರ ಸಿಗುವುದಲ್ಲವೇ?” ಎಂದನು. ಸಿಗುತ್ತಿತ್ತು, ನಿಜ. ಆದರೆ ಈ ಹಕ್ಕಿಗಳು ರಾತ್ರಿ ಹೊಲಗದ್ದೆಗಳಲ್ಲಿ ಮೇದು ಹಗಲು ನೀರಿನಲ್ಲಿ ವಿಶ್ರಮಿಸುತ್ತವೆ. ಬೇಸಿಗೆಗೆ ಮುನ್ನ ಮತ್ತೆ ಹಿಮಾಲಯವನ್ನು ದಾಟಲು ಬೇಕಾದ ಕಸುವನ್ನು ಇಲ್ಲಿಯೇ ಕೂಡಿಟ್ಟುಕೊಳ್ಳಬೇಕು. ಬೆದರಿ ಹಾರಿದಷ್ಟೂ ಆ ಗಂಟು ಕರಗುತ್ತದೆ. ಇದನ್ನು ತಿಳಿಸಿದಾಗ ಬಾಲಕನು ಕಲ್ಲನ್ನು ಕೆಳಗಿಟ್ಟನು. ನಮಗೆ ದೊರೆತ ಚಿತ್ರದಲ್ಲಿ ಹೆಬ್ಬಾತುಗಳು ಎಳ್ಳುಕಾಳಿನಷ್ಟು ಕಾಣುತ್ತವೆ. ಹಿಂಡು ಮಾತ್ರ ಕದಲಲಿಲ್ಲ.

ಇಂದು ಕ್ಯಾಮೆರಾ ಮನೆಮನೆಗೂ ಬಂದಿದೆ. ಆದ್ದರಿಂದಲೇ ಈ ಎಚ್ಚರ ಎಲ್ಲರಿಗೂ ಬೇಕು. ಬೇಸಿಗೆಯಲ್ಲಿ ಟಿಟ್ಟಿಭವು ಬಯಲಿನ ಬರಿನೆಲದ ಮೇಲೆಯೇ ಮಣ್ಣಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಚಿತ್ರಕ್ಕಾಗಿ ನಾವು ಅಲ್ಲಿಯೇ ನಿಂತರೆ ತಾಯಿ ಮರಳಲಾರದು. ಮೊಟ್ಟೆಗಳು ಬಿಸಿಲಿಗೋ ಕಾಗೆಗೋ ತುತ್ತಾಗುತ್ತವೆ. ಮಕ್ಕಳ ಕೈಗೆ ಕ್ಯಾಮೆರಾ ಕೊಡುವ ಹಿರಿಯರು ಗುಂಡಿ ಒತ್ತುವುದನ್ನು ಕಲಿಸುವ ಮುನ್ನ ದೂರ ನಿಲ್ಲುವುದನ್ನು ಕಲಿಸಲಿ. ಚಿತ್ರ ಇಂದು ಬಾರದಿದ್ದರೂ, ಹಕ್ಕಿ ಉಳಿದಿದ್ದರೆ ನಾಳೆ ಬಂದೀತು.